ಅಂಟುವಾಳದ ನೊರೆಯೊಳಗೆ ಇರೋದೇನು? ತಲೆಗೆ ಸರಿ, ಹೊಟ್ಟೆಗೆ ಯಾಕೆ ಬೇಡ

ಪ್ರಶ್ನೆ: ಮೇಡಂ ನಮಸ್ಕಾರ. ನಾವಿರೋದು ಮುಂಬೈ ಹತ್ತಿರದ ಡೊಂಬಿವಲಿ, ಊರು ಬಾಗಲಕೋಟೆ ಕಡೆ. ನಮ್ಮತ್ತೆ ಊರಿಂದ ಬರುವಾಗ ಒಂದು ಚೀಲ ಅಂಟುವಾಳ ಕಾಯಿ (ಇಲ್ಲಿ ರಿಠಾ ಅಂತಾರೆ) ತಂದಿದಾರೆ. ಮಗಳಿಗೆ ಒಂಬತ್ತು ವರ್ಷ, ಸ್ಕೂಲಿಂದ ಹೇನು ಹತ್ತಿಸ್ಕೊಂಡು ಬಂದಿದಾಳೆ, ತಲೆಹೊಟ್ಟೂ ಇದೆ, ಶಾಂಪೂ ಬೇಡ ಇದನ್ನೇ ಹಚ್ಚು ಅಂತಾರೆ ಅತ್ತೆ. ಇನ್ನು ನಮ್ಮ ಯಜಮಾನರಿಗೆ ಮೂಲವ್ಯಾಧಿ, ವಾಟ್ಸ್ಯಾಪಲ್ಲಿ ಬಂದ ಮೆಸೇಜ್ ನೋಡಿ ರಿಠಾ ಸಿಪ್ಪೆ ಹುರಿದು ಪುಡಿ ಮಾಡಿ ದಿನಾ ಬೆಳಿಗ್ಗೆ ಮಜ್ಜಿಗೆಯಲ್ಲಿ ಹಾಕ್ಕೊಂಡು ಕುಡೀತಿದಾರೆ. ಅರ್ಧ ತಲೆನೋವಿಗೆ ಮೂಗಲ್ಲಿ ಎರಡು ಹನಿ ಬಿಟ್ರೆ ಸಾಕು ಅಂತಾನೂ ಅದರಲ್ಲಿತ್ತು. ನಿಜಕ್ಕೂ ಈ ಕಾಯಲ್ಲಿ ಏನಿದೆ? ಇದು ಔಷಧೀನಾ ಅಲ್ವಾ? ರೇಷ್ಮೆ ಸೀರೆ ಒಗೀಬಹುದಾ, ಮಿಕ್ಕ ನೀರನ್ನ ಬಾಲ್ಕನಿ ಗಿಡಕ್ಕೆ ಹಾಕಬಹುದಾ?

ಉತ್ತರ: ಅರ್ಜೆಂಟ್ ಮಾತು ಮೊದಲು ಹೇಳಿಬಿಡ್ತೀನಿ, ಕೆಮಿಸ್ಟ್ರಿ ಆಮೇಲೆ. ನಿಮ್ಮ ಯಜಮಾನರು ಆ ಪುಡಿ ಕುಡಿಯೋದನ್ನ ಇವತ್ತೇ ನಿಲ್ಲಿಸಲಿ. ಹೊಟ್ಟೆ ಉರಿ, ವಾಂತಿ, ಭೇದಿ ಏನಾದ್ರೂ ಆಗಿದ್ರೆ ಡಾಕ್ಟರಿಗೆ ಈ ಪುಡಿಯ ವಿಷಯ ಮುಚ್ಚಿಡದೆ ಹೇಳಲಿ, ಮೂತ್ರ ಕೋಕಮ್ ನೀರಿನ ಬಣ್ಣಕ್ಕೆ ತಿರುಗಿದ್ರಂತೂ ಸಂಜೆವರೆಗೆ ಕಾಯೋದು ಬೇಡ, ಆಗಲೇ ಹೋಗಿ. ಮೂಗಿಗೆ ಹನಿ ಬಿಡೋ ಮಾತನ್ನ ಮನೇಲಿ ಯಾರೂ ಎತ್ತಬಾರದು. ಮಗಳ ತಲೆಗೆ ಹಚ್ಚೋದು ನಡಿಯತ್ತೆ, ಆದ್ರೆ ಅದರಿಂದ ಹೇನು ಪೂರ್ತಿ ಹೋಗಲ್ಲ. ಯಾಕೆ ಅಂತ ಈಗ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಯಾಕಂದ್ರೆ ನೀವು ಕೇಳಿದ ಅಷ್ಟೂ ಪ್ರಶ್ನೆಗೆ ಉತ್ತರ ಇರೋದು ಒಂದೇ ಪದಾರ್ಥದಲ್ಲಿ, ಅದು ಹೇಗೆ ಕೆಲಸ ಮಾಡತ್ತೆ ಅಂತ ಒಂದ್ಸಲ ಗೊತ್ತಾದ್ರೆ ಮುಂದೆ ಯಾವ ಮೆಸೇಜ್ ಬಂದ್ರೂ ನೀವೇ ತೀರ್ಮಾನ ಮಾಡಬಹುದು.

ನಿಮ್ಮ ಚೀಲದಲ್ಲಿರೋ ಕಾಯನ್ನ ಒಂದ್ಸಲ ಕೈಗೆ ತಗೊಂಡು ನೋಡಿ. ಬಾಗಲಕೋಟೆ ಕಡೆಯಿಂದ ಬಂದಿದೆ ಅಂದ್ರೆ ಹೆಚ್ಚಾಗಿ ಎರಡೋ ಮೂರೋ ಗುಂಡು ಒಂದಕ್ಕೊಂದು ಅಂಟಿಕೊಂಡ ಹಾಗೆ ಇರತ್ತೆ, ಬಿಡಿಸಿದ ಜಾಗದಲ್ಲಿ ಒಂದು ಕಲೆ ಕಾಣತ್ತೆ. ಅದು ಸ್ಯಾಪಿಂಡಸ್ ಟ್ರೈಫೋಲಿಯೇಟಸ್, ನಮ್ಮ ದಕ್ಷಿಣದ ಜಾತಿ, ಘಟ್ಟದಲ್ಲೂ ಕೊಂಕಣದಲ್ಲೂ ಬೆಳೆಯತ್ತೆ. ದಾದರಿನಲ್ಲೋ ಪುಣೆಯ ರವಿವಾರ ಪೇಠೆಯ ಕಾಷ್ಠೌಷಧಿ ಅಂಗಡಿಯಲ್ಲೋ ರಿಠಾ ಕೇಳಿದ್ರೆ ಕೆಲವು ಸಲ ಇದನ್ನೇ ಕೊಡ್ತಾರೆ, ಕೆಲವು ಸಲ ಒಂಟಿ ಗುಂಡಿನ ದಪ್ಪ ಕಾಯಿ ಕೊಡ್ತಾರೆ, ಅದು ಉತ್ತರದ್ದು, ಹಿಮಾಲಯದ ತಪ್ಪಲಿನ ಕಡೆ ಬೆಳೆಯೋ ಸ್ಯಾಪಿಂಡಸ್ ಮುಕೊರೊಸ್ಸಿ. ಅಮೆರಿಕ ಖಂಡದ ಬಿಸಿ ದೇಶಗಳಲ್ಲಿ ಸ್ಯಾಪಿಂಡಸ್ ಸಪೋನೇರಿಯಾ ಅಂತ ಇದೆ, ಇಂಡೊನೇಷ್ಯಾ ಕಡೆ ರರಕ್ ಅನ್ನೋ ಜಾತಿ ಇದೆ. ಎಲ್ಲಾ ಕಡೆ ಜನ ಒಬ್ಬರನ್ನೊಬ್ಬರು ಕೇಳದೇನೇ ಇದನ್ನ ಬಟ್ಟೆಗೂ ತಲೆಗೂ ಹಾಕಿದಾರೆ, ಹೊಳೆಯಲ್ಲಿ ಮೀನು ಹಿಡಿಯೋಕೂ ಬಳಸಿದಾರೆ. ಒಗೆಯೋದು ಮತ್ತು ಮೀನು ಕೊಲ್ಲೋದು, ಈ ಎರಡೂ ಜೊತೆಜೊತೆಗೆ ಬಂದಿರೋದನ್ನ ನೆನಪಿಟ್ಕೊಳ್ಳಿ, ವಿಷಯ ಅಲ್ಲೇ ಇದೆ.

ಕೆಲಸ ಮಾಡೋ ಪದಾರ್ಥದ ಹೆಸರು ಸಪೋನಿನ್. ಬೀಜದಲ್ಲಲ್ಲ, ಹೊರಗಿನ ಅಂಟಂಟು ಸಿಪ್ಪೆಯಲ್ಲಿ ಇರೋದು. ಹಣ್ಣಿನ ತೂಕದಲ್ಲಿ ಸುಮಾರು 10ರಿಂದ 11.5 ಪರ್ಸೆಂಟ್ ಅಂತ ಹೇಳ್ತಾರೆ, ಮರ, ಹವೆ, ಕೊಯ್ದ ಕಾಲ ಎಲ್ಲದರ ಮೇಲೆ ಹೆಚ್ಚುಕಮ್ಮಿ ಆಗತ್ತೆ. ಗಿಡಗಳಲ್ಲಿ ಸಿಗೋ ಔಷಧಿ ಪದಾರ್ಥಗಳ ಲೆಕ್ಕದಲ್ಲಿ ಇದು ಬಹಳ ದೊಡ್ಡ ಪಾಲು. ಮಾರ್ಫಿನ್, ಕ್ವಿನೈನ್ ತರದ್ದನ್ನೆಲ್ಲ ಎಷ್ಟೋ ತೊಗಟೆ, ರಸ ಸೋಸಿ ತೆಗೀಬೇಕು, ಇಲ್ಲಿ ಒಂದು ಕಾಯಿ ನೀರಲ್ಲಿ ಕಿವುಚಿದ್ರೆ ಕೈತುಂಬಾ ಬರತ್ತೆ.

ಸಪೋನಿನ್ ಅಂದ್ರೆ ಒಂದೇ ಅಣು ಅಲ್ಲ, ಅದೊಂದು ದೊಡ್ಡ ಕುಟುಂಬ. ಅಂಟುವಾಳದಲ್ಲಿ ಮುಖ್ಯವಾಗಿ ಇರೋ ಸಪೋನಿನ್‌ಗಳ ನಡುಮನೆ ಹೆಡೆರಾಜೆನಿನ್ ಅನ್ನೋ ಪದಾರ್ಥ, 30 ಕಾರ್ಬನ್ ಪರಮಾಣು ಸೇರಿ ಐದು ಉಂಗುರ ಒಂದಕ್ಕೊಂದು ಜೋಡಿಸಿದ ಹಾಗೆ ಇರತ್ತೆ, ಟ್ರೈಟರ್ಪೀನ್ ಅಂತಾರೆ ಈ ಗುಂಪಿಗೆ. ಈ ಉಂಗುರದ ಭಾಗಕ್ಕೆ ಎಣ್ಣೆ ಜಿಡ್ಡು ಅಂದ್ರೆ ಇಷ್ಟ, ನೀರು ಅಂದ್ರೆ ದೂರ. ಇದರ ಒಂದು ತುದಿಗೆ ಸಕ್ಕರೆಗಳ ಸರಪಳಿ ಕಟ್ಟಿಕೊಂಡಿರತ್ತೆ, ಅರಾಬಿನೋಸ್, ರ‍್ಯಾಮ್ನೋಸ್, ಜೈಲೋಸ್ ಅಂತ ಮೂರು ಸಕ್ಕರೆ, ಈ ಸರಪಳಿಗೆ ನೀರೇ ಬೇಕು. ಕೆಲವದರಲ್ಲಿ ಸಕ್ಕರೆಗೆ ಅಸಿಟೈಲ್ ಗುಂಪೂ ಅಂಟಿರತ್ತೆ. ಉತ್ತರದ ಜಾತಿಯಲ್ಲಿ ಹೆಡೆರಾಜೆನಿನ್ ಅಲ್ಲದೆ ಡ್ಯಾಮರೇನ್, ಟಿರುಕಲ್ಲೇನ್ ಅನ್ನೋ ಬೇರೆ ಎಲುಬಿನ ಸಪೋನಿನ್‌ಗಳೂ ಸಿಕ್ಕಿವೆ, ಜೊತೆಗೆ ಸೆಸ್ಕ್ವಿಟರ್ಪೀನ್ ಗ್ಲೈಕೋಸೈಡ್ ಅಂತ ಚಿಕ್ಕ ಅಣುಗಳೂ ಇವೆ. ಹೆಸರೆಲ್ಲ ನೆನಪಿಡಬೇಕಾಗಿಲ್ಲ. ಒಂದು ಕೈ ಎಣ್ಣೆಗೆ, ಇನ್ನೊಂದು ಕೈ ನೀರಿಗೆ ಕೊಟ್ಟು ಮಧ್ಯೆ ನಿಂತಿರೋ ಮನುಷ್ಯನ ಹಾಗೆ ಈ ಅಣು, ಅಷ್ಟು ಸಾಕು.

ಹೀಗೆ ಎರಡೂ ಕಡೆ ಹಿಡಿತ ಇರೋದರಿಂದ ಅದು ನೀರಿನ ಮೇಲ್ಪದರಕ್ಕೆ ಹೋಗಿ ಸಾಲಾಗಿ ನಿಲ್ಲತ್ತೆ. ನೀರಿನ ಮೇಲ್ಮೈ ಎಳೆತ ಮಾಮೂಲಿಯಾಗಿ ಮೀಟರಿಗೆ 72 ಮಿಲಿನ್ಯೂಟನ್, ಅಂಟುವಾಳದ ಸಾರ ಬಿದ್ರೆ ಅದು 40ರ ಆಸುಪಾಸಿಗೆ ಇಳಿಯತ್ತೆ. ಎಳೆತ ಕಮ್ಮಿ ಆದ್ರೆ ನೀರು ಬಟ್ಟೆಯ ಎಳೆಯೊಳಗೆ, ಕೂದಲಿನ ಬುಡಕ್ಕೆ ಹೋಗತ್ತೆ, ಗಾಳಿ ಸೇರಿದ್ರೆ ನೊರೆ ನಿಲ್ಲತ್ತೆ, ಜಿಡ್ಡು ಬಿಟ್ಟು ಬರತ್ತೆ. ಫಾರ್ಮಸಿ ಹುಡುಗರಿಗೆ ಮೊದಲ ಪ್ರಾಕ್ಟಿಕಲ್ಲೇ ಇದು, ಪುಡಿ ನೀರಲ್ಲಿ ಹಾಕಿ ಟೆಸ್ಟ್ ಟ್ಯೂಬ್ ಜೋರಾಗಿ ಕುಲುಕೋದು, ನೊರೆ ಹತ್ತು ಹದಿನೈದು ನಿಮಿಷ ಇಳೀದೇ ನಿಂತ್ರೆ ಸಪೋನಿನ್ ಇದೆ ಅಂತ ಬರಿಯೋದು. ಸಿಪ್ಪೆ ಕುಟ್ಟುವಾಗ ಇಡೀ ಲ್ಯಾಬ್ ಸೀನತ್ತೆ, ಆ ಸೀನೂ ಸಪೋನಿನ್ನಿಂದಾನೇ, ಮೂಗಿನ ಒಳಚರ್ಮವನ್ನ ಕೆರಳಿಸೋದು ಅದು.

ಸೋಪಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಸೋಪು ಕ್ಷಾರ, ಅಂಟುವಾಳದ ನೀರು ಸ್ವಲ್ಪ ಹುಳಿ ಕಡೆ, ಪಿಎಚ್ 4ರಿಂದ 5ರ ಹತ್ತಿರ. ಕೂದಲು, ಉಣ್ಣೆ, ರೇಷ್ಮೆ ಈ ಮೂರೂ ಪ್ರೋಟೀನ್ ಎಳೆಗಳು, ಕ್ಷಾರ ತಾಗಿದ್ರೆ ಒರಟಾಗ್ತವೆ, ಹಗುರ ಹುಳಿ ಸೈರಿಸ್ತವೆ. ನಿಮ್ಮ ಇಳಕಲ್ ಸೀರೆ, ಪೈಠಣಿ ಎಲ್ಲ ಅಂಟುವಾಳದಲ್ಲಿ ಒಗೆಯೋ ಹಿರಿಯರ ಪದ್ಧತಿಗೆ ಕೆಮಿಸ್ಟ್ರಿಯ ಪೂರ್ತಿ ಬೆಂಬಲ ಇದೆ, ಒಂದು ಮೂಲೆಯಲ್ಲಿ ಬಣ್ಣ ಬಿಡತ್ತಾ ಅಂತ ನೋಡ್ಕೊಂಡು ಧೈರ್ಯವಾಗಿ ಒಗೀರಿ. ಇನ್ನೊಂದು ಲಾಭ ಗಡಸು ನೀರಲ್ಲಿ. ಟ್ಯಾಂಕರ್ ನೀರು, ಬೋರ್ ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇರತ್ತೆ, ಸೋಪು ಅದರ ಜೊತೆ ಸೇರಿ ಬಿಳಿ ಕೆನೆ ಕಟ್ಟಿ ಬಕೆಟ್ಟಿಗೆ ಅಂಟತ್ತೆ, ನೊರೇನೇ ಬರಲ್ಲ. ಅಂಟುವಾಳ ಆ ತರ ಗರಣೆ ಕಟ್ಟಲ್ಲ, ಹಾಗಾಗಿ ಪುಣೆಯ ವಾಘೋಲಿ, ಧಾಯರಿ ಕಡೆ ಟ್ಯಾಂಕರ್ ಮೇಲೆ ಬದುಕೋ ಸೊಸೈಟಿಗಳಲ್ಲಿ ಇರೋರು ಇದನ್ನ ಟ್ರೈ ಮಾಡಬಹುದು ಅಂತ ನಾನು ಹೇಳ್ತಾನೇ ಇರ್ತೀನಿ. ಚಿನ್ನದ ಸರ, ಬಳೆಯ ಕೊಳೆಯೂ ಚೆನ್ನಾಗಿ ಹೋಗತ್ತೆ. ಬೆಳ್ಳಿ ಮೇಲಿನ ಕಪ್ಪು ಮಾತ್ರ ಕೊಳೆ ಅಲ್ಲ, ಅದು ಬೆಳ್ಳಿಯೇ ಗಂಧಕದ ಜೊತೆ ಸೇರಿ ಆದದ್ದು, ಅದಕ್ಕೆ ಅಂಟುವಾಳ ಏನೂ ಮಾಡಲ್ಲ.

ಈಗ ಮುಖ್ಯ ವಿಷಯ. ನಮ್ಮ ಮೈಯ ಪ್ರತಿಯೊಂದು ಜೀವಕೋಶಕ್ಕೂ ಹೊರಗೋಡೆ ಇದೆಯಲ್ಲ, ಅದು ಕೊಬ್ಬಿನ ಎರಡು ತೆಳು ಪದರ, ನಡುನಡುವೆ ಕೊಲೆಸ್ಟರಾಲ್ ಸೇರ್ಕೊಂಡಿರತ್ತೆ. ಕೊಲೆಸ್ಟರಾಲ್ ಅಂದ ಕೂಡಲೇ ಹಾರ್ಟಿಗೆ ಕೆಟ್ಟದ್ದು ಅಂತ ತಿಳ್ಕೋಬೇಡಿ, ಅದಿಲ್ಲದೆ ಜೀವಕೋಶದ ಗೋಡೆ ಗಟ್ಟಿ ನಿಲ್ಲಲ್ಲ. ಸಪೋನಿನ್ ಹೋಗಿ ಸೀದಾ ಆ ಕೊಲೆಸ್ಟರಾಲಿಗೇ ಅಂಟಿಕೊಳ್ಳತ್ತೆ, ಗೋಡೆಯಲ್ಲಿ ತೂತು ಬೀಳತ್ತೆ, ಒಳಗಿನದ್ದು ಹೊರಗೆ ಬರತ್ತೆ. ಕೆಂಪು ರಕ್ತಕಣದ ಮೇಲೆ ಒಂದು ಹನಿ ಅಂಟುವಾಳದ ನೀರು ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕಣಗಳು ಒಂದೊಂದಾಗಿ ಕಣ್ಣೆದುರೇ ಮಾಯ ಆಗ್ತವೆ, ಸ್ಲೈಡ್ ಮಸುಕಾಗಿದ್ದದ್ದು ತಿಳಿಯಾದ ಕೆಂಪು ಆಗತ್ತೆ. ಹೀಮೊಲೈಸಿಸ್ ಅಂತಾರೆ. ಇದನ್ನ ನೋಡಿದ ವಿದ್ಯಾರ್ಥಿಗಳು ಆಮೇಲೆ ಹರ್ಬಲ್ ಅಂದ್ರೆ ಸೇಫ್ ಅನ್ನೋ ಮಾತು ಆಡಿದ್ದು ನಾನು ಕೇಳಿಲ್ಲ.

ಮೀನು ಸಾಯೋದೂ ಹೀಗೇ. ಮೀನಿನ ಕಿವಿರಲ್ಲಿ ರಕ್ತಕ್ಕೂ ನೀರಿಗೂ ನಡುವೆ ಬರೀ ಒಂದು ತೆಳು ಪೊರೆ, ಸಪೋನಿನ್ ಅಲ್ಲಿಂದ ಸೀದಾ ರಕ್ತಕ್ಕೆ ನುಗ್ಗತ್ತೆ. ಸಿಗಡಿ ಕೆರೆಗಳಲ್ಲಿ ಬೇಡದ ಮೀನು ಕೊಲ್ಲೋಕೆ ಟೀ ಬೀಜದ ಹಿಂಡಿ ಹಾಕ್ತಾರೆ, ಅದು ಬೇರೆ ಗಿಡ, ಆದ್ರೆ ಕೆಲಸ ಮಾಡೋದು ಅದರ ಸಪೋನಿನ್ನೇ, ಮೀನು ಸಾಯತ್ತೆ, ಸಿಗಡಿ ಬದುಕತ್ತೆ.

ಹಾಗಾದ್ರೆ ನಿಮ್ಮ ಯಜಮಾನರ ರಕ್ತಕಣ ಎಲ್ಲ ಒಡೆದು ಹೋಗಿರತ್ತಾ ಅಂತ ಗಾಬರಿ ಆಗಬೇಡಿ. ಸಪೋನಿನ್ ಅಣು ದಪ್ಪ, ಕರುಳಿಂದ ರಕ್ತಕ್ಕೆ ದಾಟೋದು ಬಹಳ ಕಮ್ಮಿ, ಅದಕ್ಕೇ ಕಡಲೆ, ಪಾಲಕ್, ಮೆಂತ್ಯದಲ್ಲಿ ಇರೋ ಸ್ವಲ್ಪ ಸ್ವಲ್ಪ ಸಪೋನಿನ್ ತಿಂದು ನಾವೆಲ್ಲ ಆರಾಮಾಗಿದ್ದೀವಿ. ಆದ್ರೆ ಅಂಟುವಾಳದಲ್ಲಿ ಇರೋದು ಸ್ವಲ್ಪ ಅಲ್ಲ. ರಕ್ತಕ್ಕೆ ಹೋಗದೆ ಇದ್ರೂ ಹೊಟ್ಟೆ ಮತ್ತು ಕರುಳಿನ ಒಳಪದರವನ್ನ ಕೆರಳಿಸತ್ತೆ, ವಾಂತಿ ಭೇದಿ ಅದರಿಂದಾನೇ. ಆ ಒಳಪದರದಲ್ಲಿ ಮೊದಲೇ ಹುಣ್ಣು ಗಾಯ ಇದ್ರೆ ಒಳಗೆ ಹೋಗೋ ಪ್ರಮಾಣವೂ ಏರತ್ತೆ. ಮೂಲವ್ಯಾಧಿಯಲ್ಲಿ ಗಾಯದ ಜಾಗ ಇರೋದೇ ಕರುಳಿನ ಕೊನೆಯಲ್ಲಿ, ಅಲ್ಲಿಗೆ ದಿನಾ ಕೆರಳಿಸೋ ಪುಡಿ ಮತ್ತು ಭೇದಿ, ಇದರಿಂದ ವಾಸಿ ಹೇಗಾಗತ್ತೆ ಹೇಳಿ. ಹುರಿದು ತಗೊಂಡ್ರೆ ಏನಾಗಲ್ಲ ಅಂತ ಆ ಮೆಸೇಜಲ್ಲಿ ಬರೆದಿರ್ತಾರೆ. ಪೂರ್ತಿ ಬೂದಿ ಆಗೋ ತನಕ ಸುಟ್ರೆ ಸಪೋನಿನ್ ಉಳಿಯಲ್ಲ, ಆಗ ಅದು ಬರೀ ಬೂದಿ, ಔಷಧಿ ಅನ್ನಿಸ್ಕೊಳ್ಳೋಕೆ ಏನಿದೆ ಅದರಲ್ಲಿ? ಅರ್ಧಂಬರ್ಧ ಹುರಿದ್ರೆ ಸಪೋನಿನ್ ಉಳ್ಕೊಳ್ಳತ್ತೆ, ಆಗ ಮೇಲೆ ಹೇಳಿದ ತೊಂದರೆ ಎಲ್ಲ ಉಂಟು. ಎರಡು ದಾರಿಯಲ್ಲೂ ಲಾಭ ಇಲ್ಲ. ಇಸಬ್ಗೋಲ್, ಜಾಸ್ತಿ ನೀರು, ಸೊಪ್ಪು ತರಕಾರಿ, ಬೆಚ್ಚಗಿನ ನೀರಿನ ಟಬ್ಬಲ್ಲಿ ಕೂರೋದು, ಇಷ್ಟರಿಂದ ಮೊದಲ ಹಂತದ ಮೂಲವ್ಯಾಧಿ ಎಷ್ಟೋ ಜನಕ್ಕೆ ಹತೋಟಿಗೆ ಬರತ್ತೆ. ರಕ್ತ ಹೋಗ್ತಿದ್ರೆ, ಅದರಲ್ಲೂ ವಯಸ್ಸು 45 ದಾಟಿದ್ರೆ, ಅದು ಮೂಲವ್ಯಾಧಿಯೇ ಅಂತ ಮನೇಲೇ ತೀರ್ಮಾನ ಮಾಡೋದು ತಪ್ಪು, ಸರ್ಜನ್ ಹತ್ರ ಒಂದ್ಸಲ ಪರೀಕ್ಷೆ ಮಾಡಿಸಲೇಬೇಕು, ಕರುಳಿನ ಕ್ಯಾನ್ಸರೂ ಶುರುವಿನಲ್ಲಿ ಹೀಗೇ ಕಾಣತ್ತೆ.

ಆಯುರ್ವೇದದಲ್ಲಿ ಇದೆಯಲ್ಲ ಅಂತ ನಿಮ್ಮತ್ತೆ ಕೇಳಬಹುದು. ಇದೆ. ಅರಿಷ್ಟಕ ಅಂತ, ಫೇನಿಲ ಅಂತ ಹೆಸರು ಬರತ್ತೆ. ಆದ್ರೆ ಯಾತಕ್ಕೆ ಹೇಳಿದಾರೆ ಅಂತ ನೋಡಿ, ವಾಂತಿ ಮಾಡಿಸೋಕೆ, ಅಂದ್ರೆ ವಮನಕ್ಕೆ, ಮತ್ತೆ ಮೂಗಿನ ಮೂಲಕ ನಸ್ಯಕ್ಕೆ. ಕಾಯಿ ಹೊಟ್ಟೆಯನ್ನ ಕೆರಳಿಸತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಆ ಗುಣವನ್ನೇ ಬಳಸಿದ್ರು, ಅದೂ ವೈದ್ಯ ಪಕ್ಕದಲ್ಲೇ ಕೂತು. ಮಜ್ಜಿಗೆಯಲ್ಲಿ ದಿನಾ ಕುಡೀರಿ ಅನ್ನೋ ಮೆಸೇಜಿಗೂ ಆ ಶಾಸ್ತ್ರಕ್ಕೂ ಸಂಬಂಧ ಇಲ್ಲ.

ಮೂಗಿನ ಹನಿಯ ವಿಷಯದಲ್ಲಿ ನಾನು ಕಟುವಾಗಿ ಹೇಳೋದಕ್ಕೆ ಕಾರಣ ಇದೆ. ಹಳ್ಳಿಗಳಲ್ಲಿ ಫಿಟ್ಸ್ ಬಂದವರಿಗೆ, ಎಚ್ಚರ ತಪ್ಪಿದವರಿಗೆ ಅಂಟುವಾಳದ ನೀರು ಮೂಗಿಗೆ ಬಿಡೋ ರೂಢಿ ಈಗಲೂ ಅಲ್ಲಲ್ಲಿ ಇದೆ. ಉರಿಗೆ ಮನುಷ್ಯ ಬೆಚ್ಚಿ ಎದ್ರೆ ಗುಣ ಆಯ್ತು ಅಂದ್ಕೋತಾರೆ. ಎಚ್ಚರ ಇಲ್ಲದವರಿಗೆ ಕೆಮ್ಮೋ ಶಕ್ತಿ ಇರಲ್ಲ, ಆ ನೀರು ಶ್ವಾಸಕೋಶಕ್ಕೆ ಇಳಿದ್ರೆ ಅಲ್ಲಿನ ಪೊರೆಯನ್ನ ಸುಟ್ಟ ಹಾಗೆ ಮಾಡತ್ತೆ, ನ್ಯುಮೋನಿಯಾ ಆಗತ್ತೆ. ಫಿಟ್ಸ್ ಬಂದವರನ್ನ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೂ ಮೂಗಿಗೂ ಏನೂ ಹಾಕಬೇಡಿ. ಅರ್ಧ ತಲೆನೋವು, ಅಂದ್ರೆ ಮೈಗ್ರೇನ್ ಬಗ್ಗೆ ಹೇಳೋದಾದ್ರೆ, ನಮ್ಮ ದಕ್ಷಿಣದ ಜಾತಿಯ ಸಿಪ್ಪೆ ಸಾರದ ಮೇಲೆ ಸುಮಾರು 20 ವರ್ಷದ ಹಿಂದೆ ಇಲಿಗಳಲ್ಲಿ ಅಧ್ಯಯನ ಆಗಿದೆ, ಸೆರೊಟೋನಿನ್‌ಗೆ ಸಂಬಂಧಪಟ್ಟ ರಿಸೆಪ್ಟರ್ (ಜೀವಕೋಶದಲ್ಲಿ ಸಂದೇಶ ಹಿಡಿಯೋ ಜಾಗ) ಮೇಲೆ ಪರಿಣಾಮ ಕಂಡಿದೆ, ಕೆಮಿಸ್ಟ್ರಿ ದೃಷ್ಟಿಯಿಂದ ಕುತೂಹಲದ ವಿಷಯವೇ. ಆದ್ರೆ ಲ್ಯಾಬಲ್ಲಿ ಅಳತೆ ಮಾಡಿ ಇಲಿಗೆ ಕೊಟ್ಟ ಸಾರಕ್ಕೂ ಅಡುಗೆಮನೆಯಲ್ಲಿ ಕಿವುಚಿ ಮೂಗಿಗೆ ಬಿಡೋ ನೀರಿಗೂ ನಡುವೆ ದೊಡ್ಡ ಹೊಳೆಯೇ ಇದೆ, ಅದಕ್ಕೆ ಇನ್ನೂ ಸೇತುವೆ ಕಟ್ಟಿಲ್ಲ.

ಔಷಧಿ ಗುಣ ಏನೂ ಇಲ್ಲ ಅಂತ ನಾನು ಹೇಳ್ತಿಲ್ಲ, ಅದು ಈ ಗಿಡಕ್ಕೆ ಅನ್ಯಾಯ. ಲಖನೌದ ಸೆಂಟ್ರಲ್ ಡ್ರಗ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೇ ಮುಕೊರೊಸ್ಸಿ ಜಾತಿಯ ಸಪೋನಿನ್ನಿಂದ ಕಾನ್ಸ್ಯಾಪ್ ಅನ್ನೋ ಕ್ರೀಮ್ ಮಾಡಿತು, ಹೆಂಗಸರು ಬಳಸೋ ಗರ್ಭನಿರೋಧಕ. ಕೆಲಸ ಮಾಡೋದು ಅದೇ ಸೂತ್ರದಿಂದ, ವೀರ್ಯಾಣುವಿನ ಗೋಡೆ ಒಡೆಯೋದು. ಈ ದಾರಿಯಲ್ಲಿ ಎಚ್ಚರಿಕೆಯೂ ಬೇಕು, ನೊನೊಕ್ಸಿನಾಲ್-9 ಅನ್ನೋ ಸಿಂಥೆಟಿಕ್ ಡಿಟರ್ಜೆಂಟನ್ನ ಇದೇ ಕೆಲಸಕ್ಕೆ ವರ್ಷಾನುಗಟ್ಟಲೆ ಬಳಸಿದ್ರು, ಪದೇಪದೇ ಬಳಸಿದವರಲ್ಲಿ ಒಳಚರ್ಮ ಕೆರಳಿ ಎಚ್‌ಐವಿ ತಗಲೋ ಸಾಧ್ಯತೆ ಕಮ್ಮಿ ಆಗೋ ಬದಲು ಜಾಸ್ತಿ ಆಗತ್ತೆ ಅಂತ 2000ದ ಹೊತ್ತಿಗೆ ಗೊತ್ತಾಯ್ತು. ಬ್ರೆಜಿಲ್ಲಿನಲ್ಲಿ ಸಪೋನೇರಿಯಾ ಜಾತಿಯ ಸಾರ ಕ್ಯಾಂಡಿಡಾ ಫಂಗಸ್ಸನ್ನ ತಡೆಯತ್ತೆ ಅಂತ ಲ್ಯಾಬಲ್ಲಿ ತೋರಿಸಿದಾರೆ. ಫಂಗಸ್ ಗೋಡೆಯಲ್ಲಿ ಕೊಲೆಸ್ಟರಾಲ್ ಬದಲು ಅದರ ದಾಯಾದಿ ಎರ್ಗೊಸ್ಟೆರಾಲ್ ಇರತ್ತೆ, ಸಪೋನಿನ್ ಅದನ್ನೂ ಬಿಡಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಇರೋದು ಪುಣೆಯಲ್ಲೇ. ಚಿಲಿ ದೇಶದ ಕ್ವಿಲಾಯಾ ಅನ್ನೋ ಮರದ ತೊಗಟೆಯಲ್ಲೂ ಟ್ರೈಟರ್ಪೀನ್ ಸಪೋನಿನ್ ಇದೆ, ಅದು ಅಂಟುವಾಳದ ನೆಂಟ ಅಲ್ಲ, ಬೇರೆ ಕುಲ, ಆದ್ರೆ ಅಲ್ಲೂ ಜನ ಅದರಿಂದ ಬಟ್ಟೆ ಒಗೀತಿದ್ರು. ಆ ಸಪೋನಿನ್ ಲಸಿಕೆಯ ಜೊತೆ ಕೊಟ್ರೆ ಮೈಯ ರೋಗನಿರೋಧಕ ಶಕ್ತಿ ಜೋರಾಗಿ ಎಚ್ಚೆತ್ತುಕೊಳ್ಳತ್ತೆ. ತೊಂದರೆ ಏನಂದ್ರೆ ಇಂಜೆಕ್ಷನ್ನಲ್ಲಿ ಕೊಟ್ರೆ ಜೀವಕೋಶ ಒಡೆಯತ್ತೆ. ವಿಜ್ಞಾನಿಗಳು ಏನ್ ಮಾಡಿದ್ರು ಗೊತ್ತಾ, ಸಪೋನಿನ್ನಿಗೆ ಮೊದಲೇ ಕೊಲೆಸ್ಟರಾಲ್ ಕೊಟ್ಟು, ಜೊತೆಗೆ ಫಾಸ್ಫೋಲಿಪಿಡ್ ಅನ್ನೋ ಒಂದು ತರದ ಕೊಬ್ಬು ಸೇರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನ ಕಟ್ಟಿದ್ರು. ಅದರ ಹಸಿವು ಅಲ್ಲೇ ತೀರಿತು, ರಕ್ತಕಣದ ಕೊಲೆಸ್ಟರಾಲಿಗೆ ಹೋಗೋ ಕಾಟ ಕಮ್ಮಿ ಆಯ್ತು, ರೋಗನಿರೋಧಕ ಶಕ್ತಿ ಎಬ್ಬಿಸೋ ಗುಣ ಹಾಗೇ ಉಳೀತು. ಮ್ಯಾಟ್ರಿಕ್ಸ್-ಎಂ ಅಂತ ಅದರ ಹೆಸರು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರು ಮಾಡೋ ಆರ್21 ಮಲೇರಿಯಾ ಲಸಿಕೆಯಲ್ಲಿ ಇದೇ ಇರೋದು, ವಿಶ್ವ ಆರೋಗ್ಯ ಸಂಸ್ಥೆ 2023ರ ಅಕ್ಟೋಬರಲ್ಲಿ ಅದನ್ನ ಶಿಫಾರಸು ಮಾಡ್ತು, ಆಫ್ರಿಕಾದ ಮಕ್ಕಳಿಗೆ ಹೋಗ್ತಿದೆ. ಪದಾರ್ಥವನ್ನ ಪೂರ್ತಿ ಅರ್ಥ ಮಾಡ್ಕೊಂಡು, ಅದರ ಕಾಟ ಯಾವುದು, ಉಪಕಾರ ಯಾವುದು ಅಂತ ಬೇರೆ ಮಾಡಿದ ಮೇಲೆ ಅದು ಔಷಧಿ ಆಯ್ತು. ಕಾಯಲ್ಲಿ ಔಷಧಿ ಗುಣ ಇದೆ ಅನ್ನೋದಕ್ಕೂ ಕಾಯೇ ಔಷಧಿ ಅನ್ನೋದಕ್ಕೂ ಇಷ್ಟು ದೂರ.

ಅಂಟುವಾಳದ ಸ್ವಂತ ಕುಲದಲ್ಲೂ ಇಂಥ ಕಥೆಗಳಿವೆ. ಯುರೋಪಿನ ಹಾರ್ಸ್ ಚೆಸ್ಟ್‌ನಟ್ ಇದೇ ಕುಲದ್ದು, ಅದರ ಬೀಜ ಹಸಿಯಾಗಿ ತಿಂದ್ರೆ ವಿಷ, ಆದ್ರೆ ಅದರ ಎಸಿನ್ ಅನ್ನೋ ಸಪೋನಿನ್ನನ್ನ ಶುದ್ಧ ಮಾಡಿ ಕಾಲಿನ ಸಿರೆಗಳ ತೊಂದರೆಗೆ ಮಾತ್ರೆಯಾಗಿ ಕೊಡ್ತಾರೆ. ಲಿಚಿಯೂ ಇದೇ ಕುಲ. ಮುಜಫ್ಫರ್‌ಪುರದಲ್ಲಿ ಮಕ್ಕಳು ರಾತ್ರಿ ಊಟ ಇಲ್ಲದೆ ಲಿಚಿ ತಿಂದು ರಕ್ತದ ಸಕ್ಕರೆ ಇಳಿದು ಸತ್ತದ್ದು ನೆನಪಿರಬಹುದು, 2014ರಲ್ಲಿ ನಡೆದ ತನಿಖೆ 2017ರಲ್ಲಿ ಪ್ರಕಟ ಆಯ್ತು, ಕಾರಣವಾಗಿ ಕಂಡದ್ದು ಹೈಪೊಗ್ಲೈಸಿನ್ ಎ ಮತ್ತೆ ಅದರ ಜೊತೆಗಿರೋ ಇನ್ನೊಂದು ಅಣು, ಖಾಲಿ ಹೊಟ್ಟೆಯಲ್ಲಿ ಮೈ ಕೊಬ್ಬು ಕರಗಿಸಿ ಶಕ್ತಿ ಮಾಡ್ಕೊಳ್ಳೋ ದಾರಿಯನ್ನೇ ಅವು ಕಟ್ಟಿಹಾಕ್ತವೆ. ಊಟ ಮಾಡಿದ ಮಗು ನಾಲ್ಕು ಲಿಚಿ ತಿಂದ್ರೆ ಏನೂ ಆಗಲ್ಲ, ಹೆದರಬೇಡಿ. ಇಲ್ಲಿನ ಮರಾಠಿಯವರು ಮಳೆಗಾಲದಲ್ಲಿ ಗುರುತಿಸೋ ಕಪಾಳಫೋಡಿ ಬಳ್ಳಿ, ಕಾಡಿನ ಸಾಗಡೆ ಮರ, ಗುಡ್ಡದ ಬಂದರೆ ಗಿಡ, ಇವೆಲ್ಲ ಅಂಟುವಾಳದ ಅಣ್ಣತಮ್ಮಂದಿರೇ, ಒಬ್ಬೊಬ್ಬರ ರಸಾಯನ ಒಂದೊಂದು ತರ, ಅವುಗಳ ಬಗ್ಗೆ ಬರೀಬೇಕಂದ್ರೆ ಬೇರೇನೇ ಕೂತು ಬರೀಬೇಕು.

ಈಗ ಮಗಳ ತಲೆ. ಎಂಟು ಹತ್ತು ಕಾಯಿ ಒಡೆದು ಬೀಜ ತೆಗೀರಿ, ಬೀಜ ಕಪ್ಪಗೆ ಗೋಲಿ ಹಾಗಿರತ್ತೆ, ಚಿಕ್ಕ ಮಕ್ಕಳ ಕೈಗೆ ಸಿಗದ ಹಾಗೆ ಬಿಸಾಡಿ. ಸಿಪ್ಪೆಯನ್ನ ಅರ್ಧ ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಬಟ್ಟೆಯಲ್ಲಿ ಸೋಸಿ. ಸಿಪ್ಪೆ ಚೂರು ಉಳಿದ್ರೆ ಕೂದಲಲ್ಲಿ ಸಿಕ್ಕಿ ತುರಿಕೆ ಆಗತ್ತೆ. ಇದರಲ್ಲಿ ಸಕ್ಕರೆ ಇರೋದರಿಂದ ಹೊರಗಿಟ್ರೆ ಎರಡು ಮೂರು ದಿನಕ್ಕೆ ಹುಳಿ ವಾಸನೆ ಬರತ್ತೆ, ಫ್ರಿಜ್ಜಲ್ಲಿ ನಾಲ್ಕೈದು ದಿನ ಇಡಬಹುದು, ಬಾಟಲಿ ಮೇಲೆ ದೊಡ್ಡದಾಗಿ ಹೆಸರು ಬರೀರಿ, ಕೋಕಮ್ ಶರಬತ್ತು ಅಂತ ಯಾರಾದ್ರೂ ಕುಡಿದಾರು. ಹಚ್ಚುವಾಗ ಅಷ್ಟೇ ನೀರು ಬೆರೆಸಿ ತೆಳು ಮಾಡಿ. ಕಣ್ಣು ಗಟ್ಟಿ ಮುಚ್ಚಿಸಿ, ತಲೆ ಹಿಂದಕ್ಕೆ ಬಾಗಿಸಿ ತೊಳೀರಿ. ಕಣ್ಣಿಗೆ ಹೋದ್ರೆ ಕಾರ್ನಿಯಾದ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ, ಮೇಲ್ಪದರ ಕೀಳತ್ತೆ, ಸಾದಾ ನೀರು ಹದಿನೈದು ನಿಮಿಷ ಬಿಡದೆ ಹಾಕ್ತಾ ಇರಿ, ಹಾಲು, ಹರಳೆಣ್ಣೆ, ಗುಲಾಬಿ ನೀರು ಏನೂ ಬೇಡ, ಆಮೇಲೂ ಕೆಂಪಗಿದ್ರೆ ಕಣ್ಣಿನ ಡಾಕ್ಟರ್ ಹತ್ರ ಹೋಗಿ. ಅಕಸ್ಮಾತ್ ಮಗು ಕುಡಿದುಬಿಟ್ರೆ ವಾಂತಿ ಮಾಡಿಸೋಕೆ ಹೋಗಬೇಡಿ, ನೊರೆ ಶ್ವಾಸಕೋಶಕ್ಕೆ ಹೋಗೋ ಅಪಾಯ ಅದರಲ್ಲೇ ಇರೋದು, ಬಾಯಿ ತೊಳೆಸಿ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಹೇನಿಗೆ ಇದೊಂದೇ ಸಾಲಲ್ಲ. ನೊರೆಯಲ್ಲಿ ಹೇನು ಮಂಕಾಗತ್ತೆ, ಕೂದಲು ಜಾರತ್ತೆ, ಆ ಹೊತ್ತಲ್ಲಿ ಸೀರಣಿಗೆಯಲ್ಲಿ ಬುಡದಿಂದ ತುದಿವರೆಗೆ ಎಳೆ ಎಳೆ ಬಾಚಿದ್ರೆ ತುಂಬಾ ಉದುರತ್ತೆ, ಅದು ನಿಜವಾದ ಉಪಯೋಗ. ಆದ್ರೆ ಸೀರು ಕೂದಲಿಗೆ ಅಂಟಿರೋದು ಪ್ರೋಟೀನ್ ಗೋಂದಲ್ಲಿ, ಸಪೋನಿನ್ ಅದನ್ನ ಕರಗಿಸಲ್ಲ, ವಾರ ಹತ್ತು ದಿನದಲ್ಲಿ ಒಡೆದು ಮತ್ತೆ ಹೇನು. ಹಾಗಾಗಿ ಎರಡು ಮೂರು ದಿನಕ್ಕೊಂದ್ಸಲ, ಪ್ರತಿ ಸಲ ಅಂಟುವಾಳ ಹಾಕದಿದ್ರೂ, ಬಾಚೋದನ್ನ ಎರಡು ವಾರ ಬಿಡದೆ ಮಾಡಬೇಕು. ಅಷ್ಟು ಪುರುಸೊತ್ತಿಲ್ಲ ಅಂದ್ರೆ ಮಕ್ಕಳ ಡಾಕ್ಟರನ್ನ ಕೇಳಿ ಹೇನು ಕೊಲ್ಲೋ 1 ಪರ್ಸೆಂಟ್ ಪರ್ಮೆಥ್ರಿನ್ ಲೋಷನ್ ಹಚ್ಚಿ, ವಾರ ಬಿಟ್ಟು ಇನ್ನೊಂದ್ಸಲ. ಮನೆಯವರೆಲ್ಲರ ತಲೆ ನೋಡಿ, ಅತ್ತೆಯೋರದ್ದೂ ಸೇರಿ.

ಹೊಟ್ಟು ಬಂದಿರೋದು ನೆತ್ತಿಯ ಜಿಡ್ಡು ತಿಂದು ಬದುಕೋ ಮ್ಯಾಲಸೀಜಿಯಾ ಅನ್ನೋ ಯೀಸ್ಟಿನಿಂದ. ಅಂಟುವಾಳ ಜಿಡ್ಡು ತೆಗಿಯೋದರಿಂದ ಸ್ವಲ್ಪ ಹಗುರ ಅನ್ಸತ್ತೆ, ವಾರಕ್ಕೆ ಒಂದ್ಸಲಕ್ಕಿಂತ ಜಾಸ್ತಿ ಹಾಕಿದ್ರೆ ನೆತ್ತಿ ಒಣಗಿ ಹೊಟ್ಟು ಇನ್ನೂ ಜಾಸ್ತಿ ಕಾಣತ್ತೆ. ಕೀಟೊಕೊನಜೋಲ್ ಶಾಂಪೂ ಈ ಯೀಸ್ಟಿಗೆ ಅಂತಾನೇ ಮಾಡಿದ್ದು, ಡಾಕ್ಟರ್ ಹೇಳಿದ್ರೆ ಅದನ್ನ ಬಳಸೋಕೆ ಅತ್ತೆಯೋರು ಅಡ್ಡಿ ಮಾಡದಿರಲಿ. ತಲೆಯಲ್ಲಿ ಕೆರೆದು ಹುಣ್ಣಾಗಿದ್ರೆ ಅಂಟುವಾಳ ಹಚ್ಚಲೇಬೇಡಿ, ತೆರೆದ ಗಾಯದ ಮೇಲೆ ಅದು ಉರಿ ಎಬ್ಬಿಸತ್ತೆ.

ಕೊನೆಗೆ ಬಾಲ್ಕನಿ ಗಿಡ. ಮಿಕ್ಕ ನೀರನ್ನ ಗಟ್ಟಿಯಾಗಿ ಕುಂಡಕ್ಕೆ ಸುರೀಬೇಡಿ, ಎರೆಹುಳಕ್ಕೆ ಆಗಲ್ಲ. ಹತ್ತು ಪಾಲು ನೀರು ಬೆರೆಸಿ ಎಲೆ ಮೇಲೆ ಸಿಂಪಡಿಸಿದ್ರೆ ಸಸ್ಯಹೇನು, ದಾಸವಾಳದ ಬಿಳಿ ಹಿಟ್ಟು ತಿಗಣೆ ಹತೋಟಿಗೆ ಬರ್ತವೆ. ಅದಕ್ಕಿಂತ ಒಳ್ಳೇ ಉಪಯೋಗ ಬೇವಿನೆಣ್ಣೆ ಜೊತೆ, ಎಣ್ಣೆ ನೀರಲ್ಲಿ ಬೆರೆಯಲ್ಲ ಅಂತ ಎಲ್ಲರೂ ಡಿಶ್‌ವಾಶ್ ಹಾಕ್ತಾರೆ, ಅದರ ಬದಲು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಚಮಚ ಅಂಟುವಾಳದ ಸಾರ ಹಾಕಿ ಚೆನ್ನಾಗಿ ಕುಲುಕಿ, ಹಾಲಿನ ಹಾಗೆ ಬೆಳ್ಳಗೆ ಆಗತ್ತೆ, ಬಿಸಿಲು ಇಳಿದ ಮೇಲೆ ಸಂಜೆ ಹೊಡೀರಿ, ಮೊದಲು ಎರಡು ಎಲೆಗೆ ಹಾಕಿ ಮಾರನೇ ದಿನ ಸುಟ್ಟಿಲ್ಲ ಅಂತ ನೋಡ್ಕೊಳ್ಳಿ. ಬಾಲ್ಕನಿಯಲ್ಲಿ ಕಮಲದ ಟಬ್ಬು, ಸೊಳ್ಳೆಮರಿ ತಿನ್ನೋ ಗಪ್ಪಿ ಮೀನು ಇಟ್ಟಿದ್ರೆ ಸಿಂಪಡಿಸೋ ಮುಂಚೆ ಅದನ್ನ ಒಳಗೆ ಸರಿಸಿ, ಗಾಳಿಗೆ ಹಾರಿದ ಹನಿ ಸಣ್ಣ ಟಬ್ಬಿಗೆ ಬಿದ್ರೂ ಗಪ್ಪಿಗೆ ಅಪಾಯ.